ಎರಡೂವರೆ ವರ್ಷದ ಮಗುವಿಗೆ ಮ್ಯಾಪಿಂಗ್ ಮಾಡಿದ್ದು

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರ ಒಳಕಿವಿಗೆ ಕೂರಿಸಿ ಕರೆಂಟಿನ ಮೂಲಕ ನರಕ್ಕೆ ಸದ್ದು ಮುಟ್ಟಿಸುವ ಸಾಧನ. ಅದರ ಮಾತೆತ್ತಿದರೆ ಎಲ್ಲರೂ ಆಪರೇಷನ್ ಬಗ್ಗೆಯೇ ಕೇಳುತ್ತಾರೆ. ಗಾಯ ಒಣಗಿ, ಸುಮಾರು ಮೂರು ವಾರಕ್ಕೆ ಮಗು ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್‌ಗಳಾದ ನಮ್ಮ ಕೋಣೆಗೆ ಬಂದಾಗಲೇ ನಮ್ಮ ಪಾಡು ಶುರು. ಒಳಗಿರುವ 22 ಎಲೆಕ್ಟ್ರೋಡ್‌ಗಳಲ್ಲಿ ಒಂದೊಂದಕ್ಕೂ ಎರಡು ಮಟ್ಟ ಗೊತ್ತುಮಾಡಬೇಕು: ಎಷ್ಟು ಕರೆಂಟಿಗೆ ಕೇಳಿಸತೊಡಗುತ್ತದೆ, ಎಷ್ಟು ದಾಟಿದರೆ ಹಿಂಸೆಯಾಗುತ್ತದೆ. ಇದೇ ಮ್ಯಾಪಿಂಗ್. 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ತಂಡ ಮೊದಲು ಇಂಪ್ಲಾಂಟ್ ಹಾಕಿದ್ದು ವಯಸ್ಕರಿಗೆ. ಅವರು ಬಾಯಿಬಿಟ್ಟು ಹೇಳಬಲ್ಲವರು. ನನ್ನೆದುರು ಕೂತಿದ್ದವನಿಗೆ ಸದ್ದು ಅಂದರೇನೆಂದೇ ಗೊತ್ತಿರಲಿಲ್ಲ.

ನರ ಎಷ್ಟು ಕರೆಂಟಿಗೆ ಮಿಡಿಯುತ್ತದೆಂದು ಇಂಪ್ಲಾಂಟೇ ಅಳೆದು ತೋರಿಸುತ್ತದೆ. ಆ ಅಂಕಿ ನಂಬಿ ಮೇಲಿನ ಮಟ್ಟವನ್ನು ಅದರ ಹತ್ತಿರವೇ ಇಟ್ಟುಬಿಟ್ಟೆ. ತಪ್ಪು ನನ್ನದೇ. ವಾರದೊಳಗೆ ತಾಯಿ ಬಂದರು: "ಮೇಡಂ, ಮಿಷಿನ್ ಮಡಗಿಸ್ಕಳಲ್ಲ, ಕಿತ್ತು ಬಿಸಾಕ್ತದೆ."

ಸದ್ದು ಅವನಿಗೆ ತೀರಾ ಜೋರಾಗಿತ್ತು. ಎಲ್ಲ ಮಟ್ಟವನ್ನೂ ಚೆನ್ನಾಗಿ ಕೆಳಗಿಳಿಸಿದೆ. ಪ್ರೊಸೆಸರ್‌ನಲ್ಲಿ, ಅಂದರೆ ಹೊರಗೆ ಹಾಕಿಕೊಳ್ಳುವ ಆ ಮಿಷಿನ್‌ನಲ್ಲಿ, ನಾಲ್ಕು ಪ್ರೋಗ್ರಾಂ ಹಾಕಿ, ಒಂದಕ್ಕಿಂತ ಒಂದು ಚೂರೇ ಜೋರು ಮಾಡಿ, ವಾರಕ್ಕೊಂದು ಬದಲಿಸಲು ತಾಯಿಗೆ ಹೇಳಿಕೊಟ್ಟೆ. ಆಮೇಲೆ ಆಟ. ಕೇಳಿಸಿದರೆ ಡಬ್ಬಿಗೆ ಒಂದು ರಿಂಗ್. ಬಾಯಿಗೆ ರಟ್ಟು ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಹೇಳುತ್ತೇವೆ. ಮಾತಿನ ದಪ್ಪ ಸದ್ದಿನಿಂದ ಕೀರಲು ಸದ್ದಿನವರೆಗೆ ಈ ಆರರಲ್ಲೇ ಗೊತ್ತಾಗಿಬಿಡುತ್ತದೆ. 'ಶ್'ವರೆಗೆ ರಿಂಗ್ ಬಿತ್ತು. 'ಸ್' ಅಂದಾಗ ರಿಂಗ್ ಹಿಡಿದ ಕೈ ಕೆನ್ನೆ ಮೇಲೇ ಉಳಿಯಿತು, ಕಣ್ಣು ರಟ್ಟಿನ ಮೇಲೆ. ಕೀರಲು ಸದ್ದು ಒಯ್ಯುವುದು ಒಂದನೇ ನಂಬರಿನ ಬದಿಯ ಎಲೆಕ್ಟ್ರೋಡ್‌ಗಳು. ಅವಷ್ಟನ್ನೇ ಒಂದೆರಡು ಹೆಜ್ಜೆ ಏರಿಸಿದೆ. ಮೂರನೇ ಸಲ ರಿಂಗ್ ಟಣ್ಣೆಂದಿತು.

ನಮ್ಮಲ್ಲಿ ಹಾಕುವ ಇಂಪ್ಲಾಂಟ್‌ಗಳು ಹೆಚ್ಚಾಗಿ ಹೊರದೇಶದವು. ಬೆಲೆ ಇಳಿಯಲೆಂದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ದೇಶೀ ಇಂಪ್ಲಾಂಟ್‌ಗೆ ಕೈಹಾಕಿತ್ತು; ನಾನು ಮ್ಯಾಪ್ ಮಾಡಿದ್ದೆಲ್ಲ ಆಮದಿನವೇ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆ ಒಂದು ಮಗುವಿಗೆ ಆಗ 6 ಲಕ್ಷ ರೂಪಾಯಿವರೆಗೆ ಕೊಡತೊಡಗಿದ ಮೇಲೆಯೇ ಅಷ್ಟು ದುಡ್ಡಿಲ್ಲದ ಇಂಥ ಮನೆಯ ಮಕ್ಕಳು ನಮ್ಮ ಕುರ್ಚಿವರೆಗೆ ಬಂದದ್ದು. ಆದರೆ ವಾರಂಟಿ ಮುಗಿದ ಮೇಲಿನ ಖರ್ಚನ್ನು ಮೊದಲೇ ಬಿಡಿಸಿ ಹೇಳುವವರು ಕಡಿಮೆ.

ಈಗ ಬ್ಯಾಟರಿ ಮುಗಿದರೆ ಅವನೇ ಮಿಷಿನ್ ಬಿಚ್ಚಿ ಅಮ್ಮನ ಕೈಗೆ ಕೊಡುತ್ತಾನಂತೆ. ಇದನ್ನು ಹೇಳುತ್ತಲೇ ಆಕೆ ಸೆರಗಿನ ಗಂಟಿನಿಂದ ಮಿಷಿನ್‌ನ ತುಂಡಾದ ಕಾಯಿಲ್ ಕೇಬಲ್ ತೆಗೆದು, ಹೊಸದಕ್ಕೆ ಎಷ್ಟಾಗುತ್ತದೆ ಅಂತ ಕೇಳಿದರು.