ಮೈ ಆರುವ ಮೊದಲೇ ಕ್ರೀಮ್ ಹಚ್ಚಿ

ಮೊಣಕೈ ಮಡಿಕೆಯಲ್ಲಿ ತುರಿಕೆ. ಕೆರೆದರೆ ಎರಡು ನಿಮಿಷ ಹಾಯೆನಿಸುತ್ತದೆ, ಆಮೇಲೆ ಉರಿ. ಡಾಕ್ಟರು ಬರೆದುಕೊಟ್ಟ ಮುಲಾಮು ಹಚ್ಚಿದರೆ ವಾರದೊಳಗೆ ಎಲ್ಲ ಮಾಯ. ಟ್ಯೂಬು ಡ್ರಾಯರ್ ಸೇರುತ್ತದೆ. ತಿಂಗಳು ಕಳೆಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಶುರು.

ಇಸುಬು, ಅಂದರೆ ಎಕ್ಸಿಮಾ ಇರುವವರಿಗೆ ಈ ಕತೆ ಬಾಯಿಪಾಠ. ನನ್ನದೂ ಇದೇ ಪಾಡಾಗಿತ್ತು. ಚರ್ಮ ಚೆನ್ನಾಗಿ ಕಾಣುವ ದಿನಗಳಲ್ಲಿ ನಾನು ಏನೂ ಮಾಡುತ್ತಿರಲಿಲ್ಲ. ಎಡವಟ್ಟು ಇದ್ದದ್ದು ಅಲ್ಲೇ.

ನಮ್ಮ ಚರ್ಮದ ಮೇಲ್ಪದರ ನೀರಿನಂಶವನ್ನು ಒಳಗೆ ಹಿಡಿದಿಡುತ್ತದೆ, ಕಿರಿಕಿರಿ ಮಾಡುವ ವಸ್ತುಗಳನ್ನು ಹೊರಗೇ ತಡೆಯುತ್ತದೆ. ಇಸುಬಿನ ಚರ್ಮದಲ್ಲಿ ಈ ಪದರ ಸೋರುತ್ತದೆ. ಕೆಲವರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷವೂ ಇದಕ್ಕೆ ಕಾರಣ ಎಂದು 2006ರಲ್ಲಿ ಗೊತ್ತಾಯಿತು. ಹಾಗಾಗಿ ಕೆಂಪು ಇಳಿದರೂ ಸೋರುವುದು ಪೂರ್ತಿ ನಿಂತಿರುವುದಿಲ್ಲ. ಇದು ಅಂಟುರೋಗ ಅಲ್ಲವೇ ಅಲ್ಲ, ಪಕ್ಕದಲ್ಲಿ ಕೂರಲು ಯಾರೂ ಹಿಂಜರಿಯಬೇಕಿಲ್ಲ.

ಮೊದಲು ಸ್ನಾನ

ನೀರು ಉಗುರುಬೆಚ್ಚಗಿರಲಿ. 5ರಿಂದ 10 ನಿಮಿಷ ಸಾಕು. ಸುಡು ಸುಡು ನೀರು ಬಿದ್ದಾಗ ತುರಿಕೆಗೆ ಹಿತವೆನಿಸುವುದು ನಿಜ, ಆದರೆ ಅದು ಚರ್ಮದ ಜಿಡ್ಡನ್ನೆಲ್ಲ ತೊಳೆದು ಒಣಗಿಸಿಬಿಡುತ್ತದೆ. ಸಾಮಾನ್ಯ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9ರಿಂದ 10, ಚರ್ಮದ್ದು 5ರ ಆಸುಪಾಸು. ಆದ್ದರಿಂದ ಸೋಪಿನ ಬದಲು ಪರಿಮಳವಿಲ್ಲದ, ಸೋಪುರಹಿತ ಕ್ಲೆನ್ಸರ್ ಬಳಸಿ. ಅದನ್ನೂ ಇಡೀ ಮೈಗೆ ಬಳಿಯಬೇಕಿಲ್ಲ. ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಬ್ರಷ್ಷು, ಸ್ಕ್ರಬ್ಬು ಪಕ್ಕಕ್ಕಿಡಿ. ಟವೆಲನ್ನು ಒತ್ತಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ.

ಆಮೇಲೆ ಮಾಯಿಶ್ಚರೈಸರ್

ಮೈ ಇನ್ನೂ ತೇವ ಇರುವಾಗಲೇ, ಸುಮಾರು 3 ನಿಮಿಷದೊಳಗೆ ಹಚ್ಚಬೇಕು. ಅದಕ್ಕೇ ಡಬ್ಬಿ ಬಚ್ಚಲ ಬಾಗಿಲ ಹತ್ತಿರವೇ ಇರಲಿ. ಬಟ್ಟೆ ಹಾಕಿಕೊಂಡು ಆಮೇಲೆ ಹಚ್ಚೋಣ ಅಂದರೆ ಆ ಆಮೇಲೆ ಬರುವುದೇ ಇಲ್ಲ, ಅಲ್ವಾ?

ಲೋಷನ್‌ನಲ್ಲಿ ನೀರು ಜಾಸ್ತಿ, ಬೇಗ ಆರುತ್ತದೆ. ಕ್ರೀಮ್ ಅದಕ್ಕಿಂತ ಗಟ್ಟಿ. ಆಯಿಂಟ್‌ಮೆಂಟ್ ಎಲ್ಲಕ್ಕಿಂತ ಜಿಡ್ಡು, ತುಂಬಾ ಒಣಗಿದ ಚರ್ಮಕ್ಕೆ ಅದೇ ಒಳ್ಳೆಯದು. ಆದರೂ ಹಚ್ಚಲು ಬೇಜಾರಾಗಿ ಮೂಲೆ ಸೇರುವ ಆಯಿಂಟ್‌ಮೆಂಟಿಗಿಂತ ದಿನಾ ಹಚ್ಚುವ ಕ್ರೀಮೇ ಮೇಲು ಅಂತ ನನ್ನ ಲೆಕ್ಕ. ಹೊಸದನ್ನು ತಂದರೆ ಮುಂಗೈಯ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಬೇರೆ ಕಡೆಗೆ. 'ವಾಸನೆ ಇಲ್ಲ' ಎಂದು ಬರೆದ ಡಬ್ಬಿಯಲ್ಲೂ ವಾಸನೆ ಮರೆಮಾಡುವ ಪರಿಮಳ ಸೇರಿರಬಹುದು. 'ಫ್ರೇಗ್ರೆನ್ಸ್ ಫ್ರೀ' ಎಂದಿರುವುದನ್ನೇ ಆರಿಸಿ.

ಎಷ್ಟು ಹಚ್ಚಬೇಕು? ನಾವೆಲ್ಲ ಜಿಪುಣರಾಗುವುದು ಇಲ್ಲೇ. ಮೈಯೆಲ್ಲ ಇಸುಬಿರುವ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕಾಗುತ್ತದೆ. 50 ಗ್ರಾಂ ಟ್ಯೂಬು ಮೂರು ತಿಂಗಳು ಬಂತು ಅಂತ ಖುಷಿಪಟ್ಟವನು ನಾನು! ಅಲ್ಲಲ್ಲಿ ಬೊಟ್ಟು ಇಟ್ಟು, ಕೂದಲು ಬೆಳೆಯುವ ದಿಕ್ಕಿನಲ್ಲೇ ಮೆಲ್ಲಗೆ ಸವರಿ. ತಿಕ್ಕಿದರೆ ಕೂದಲ ಬುಡ ಕಟ್ಟಿಕೊಂಡು ಗುಳ್ಳೆ ಏಳಬಹುದು. ಡಬ್ಬಿಗೆ ಬೆರಳು ಹಾಕದೆ ಚಮಚದಲ್ಲಿ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲವಾದರೂ ಹಚ್ಚಿ, ತುರಿಕೆ ಇಲ್ಲದ ದಿನವೂ ತಪ್ಪಿಸಬೇಡಿ.

ಒಂದು ಎಚ್ಚರಿಕೆ: ಇವುಗಳ ಜಿಡ್ಡು ಹೀರಿದ ಬಟ್ಟೆ, ಹಾಸಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತವೆ. ಒಲೆ, ಸಿಗರೇಟಿನಿಂದ ದೂರವಿರಿ.

ಸ್ಟೀರಾಯ್ಡ್ ಮುಲಾಮು ಇದ್ದರೆ

ಹೆಸರು ಕೇಳಿಯೇ ಹೆದರುವವರು ಇದ್ದಾರೆ, ಸುಮ್ನೆ ಸಿಕ್ಕಲ್ಲೆಲ್ಲ ಬಳಿದುಕೊಳ್ಳುವವರೂ ಇದ್ದಾರೆ. ಅಳತೆ ಸುಲಭ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಹಸ್ತದಷ್ಟು ಅಗಲದ ಜಾಗಕ್ಕೆ ಅಷ್ಟು ಸಾಕು. ಇಸುಬು ಎದ್ದಿರುವ ಜಾಗಕ್ಕೆ ಮಾತ್ರ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿ. ಮಾಯಿಶ್ಚರೈಸರಿಗೂ ಇದಕ್ಕೂ 20ರಿಂದ 30 ನಿಮಿಷದ ಅಂತರವಿರಲಿ. ಕೈಗೆ ಕೊಟ್ಟ ಮುಲಾಮನ್ನು ಮುಖಕ್ಕೆ ಹಚ್ಚಬೇಡಿ, ಕಣ್ಣುರೆಪ್ಪೆಯ ಚರ್ಮ ತುಂಬಾ ತೆಳು.

ರಾತ್ರಿಯ ತುರಿಕೆ

ಕೆರೆದಷ್ಟೂ ತುರಿಕೆ ಜಾಸ್ತಿ. ಉಗುರು ಗಿಡ್ಡಕ್ಕಿರಲಿ. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಅಂಗೈಯಿಂದ ಒತ್ತಿ ಹಿಡಿಯಿರಿ. ನಿದ್ದೆಯಲ್ಲಿ ಕೆರೆದುಕೊಳ್ಳುವವರಿಗೆ ಹತ್ತಿಯ ಕೈಗವಸು. ಉಣ್ಣೆಬಟ್ಟೆ ನೇರ ಮೈಗೆ ತಾಗದಿರಲಿ, ಬಟ್ಟೆ ಒಗೆದ ಮೇಲೆ ಇನ್ನೊಂದು ಸಲ ಜಾಲಿಸಿ.

ಕೈಗೆ ಮಾತ್ರ ಬಂದರೆ

ಉಂಗುರ ತೆಗೆದು ನೋಡಿ. ಬೆರಳಿಗೆ ಬಳೆಯಂತೆ ಕೆಂಪು ಗೆರೆ ಇದೆಯಾ? ಉಂಗುರದಡಿ ಉಳಿದ ಸೋಪು ಅದಕ್ಕೆ ಕಾರಣವಿರಬಹುದು, ಲೋಹದಲ್ಲಿರುವ ನಿಕ್ಕಲ್ಲೂ ಇರಬಹುದು. ಕೈ ತೊಳೆಯುವಾಗ ಉಂಗುರ ತೆಗೆದಿಡಿ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ, ಒಳಗೊಂದು ಹತ್ತಿಯ ಗ್ಲೌಸ್ ಇದ್ದರೆ ಬೆವರು ಹೀರುತ್ತದೆ. ಹೇರ್ ಡೈ, ರಬ್ಬರು, ಪರಿಮಳದ ಮೇಲೂ ಅನುಮಾನವಿದ್ದರೆ ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡುತ್ತಾರೆ, ಅಂದರೆ ಅನುಮಾನದ ವಸ್ತುಗಳನ್ನು ಚರ್ಮಕ್ಕೆ ಅಂಟಿಸಿ ಅಲರ್ಜಿ ಇದೆಯೇ ನೋಡುತ್ತಾರೆ.

ಡಾಕ್ಟರ ಬಳಿ ಯಾವಾಗ?

ಹಳದಿ ಹಕ್ಕಳೆ, ಸೋರುವ ನೀರು, ನೋವು, ಜ್ವರ ಕಂಡರೆ ಸೋಂಕು ತಗಲಿರಬಹುದು. ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು ನೋಯುತ್ತಿದ್ದರೆ ಅದೇ ದಿನ ಹೊರಡಿ; ಹರ್ಪಿಸ್ ವೈರಸ್ಸಿನ ಸೋಂಕು ಇಸುಬಿನ ಮೇಲೆ ಬೇಗ ಹರಡುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಕಂದು ಅಥವಾ ಬೂದು ಛಾಯೆ ಬರುತ್ತದೆ. ಮುಟ್ಟಿದರೆ ಬಿಸಿ ಇದೆಯೇ, ದಪ್ಪಗಾಗಿದೆಯೇ ನೋಡಿ.

ಹೋಗುವಾಗ ಬಳಸುತ್ತಿರುವ ಎಲ್ಲ ಟ್ಯೂಬು, ಸೋಪಿನ ಕವರು ಚೀಲಕ್ಕೆ ಹಾಕಿಕೊಳ್ಳಿ. ಜೋರಾಗಿದ್ದ ದಿನದ ಫೋಟೊ ಮೊಬೈಲಿನಲ್ಲಿರಲಿ. ಡಾಕ್ಟರಿಗೆ ತೋರಿಸುವ ದಿನವೇ ಇಸುಬು ಏನೂ ಅರಿಯದ ಹಾಗೆ ತೆಪ್ಪಗಿರುತ್ತದೆ.