ಹಳೆ ಕ್ಯಾಸೆಟ್ ಕಂಪ್ಯೂಟರಿಗೆ: ಎಷ್ಟು ಎಂಬಿ ಸಾಕು?

ಅಟ್ಟದ ಟ್ರಂಕಿನಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳೋ, ಅಜ್ಜಿ ಹಾಡಿದ ಸೋಬಾನೆ ಪದಗಳೋ ಇದ್ದರೆ ಬೂಷ್ಟು ಹಿಡಿಯುವ ಮುಂಚೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೆಲಸ ಕಷ್ಟದ್ದಲ್ಲ. ಎಡವುವುದು ಕೊನೆಗೆ, ಯಾವ ಫಾರ್ಮ್ಯಾಟಿನಲ್ಲಿ ಉಳಿಸುವುದು ಎಂಬಲ್ಲಿ. ಹಿಂದೊಮ್ಮೆ ನಾನು ಜಾಗ ಉಳಿಸುವ ಆಸೆಗೆ ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳನ್ನು ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 64 ಕೆಬಿಪಿಎಸ್‌ನ ಎಂಪಿ3 ಮಾಡಿ, ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿಬಿಟ್ಟೆ. ಈಗ ಅದರಲ್ಲಿ ಚಂಡೆ ಬಾವಿಯೊಳಗೆ ಬಾರಿಸಿದಂತೆ ಕೇಳುತ್ತದೆ.

ಮೊದಲು ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಅದರ ಲೈನ್ ಔಟ್ ಅಥವಾ ಹೆಡ್‌ಫೋನ್ ಜ್ಯಾಕಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರು ಕೊಡಿ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಮೈಕ್ ಜ್ಯಾಕ್ ಮಾತ್ರ ಇರುತ್ತದೆ, ಅದಕ್ಕೆ ಕೊಟ್ಟರೆ ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನಿ.

ರೆಕಾರ್ಡ್ ಮಾಡಲು ಪುಕ್ಕಟೆ ಸಿಗುವ ಆಡಾಸಿಟಿ ಸಾಕು. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುವುದು ಎಂಬುದು) 44,100 ಹರ್ಟ್ಸ್, ಒಂದೊಂದು ಅಳತೆಗೆ 16 ಬಿಟ್ ಇಡಿ. ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಅಳತೆ ಬೇಕು, ಸಿಡಿಯ ಲೆಕ್ಕವೂ ಇದೇ. ಕ್ಯಾಸೆಟ್ಟಿಗೆ 1,92,000 ಹರ್ಟ್ಸ್ ಇಡುವವರೂ ಇದ್ದಾರೆ. ಟೇಪಿನಲ್ಲಿಲ್ಲದ್ದು ಅದರಿಂದ ಹುಟ್ಟುವುದಿಲ್ಲ, ಡಿಸ್ಕ್ ಮಾತ್ರ ತುಂಬುತ್ತದೆ. ಮೀಟರು ಜೋರು ಪೆಟ್ಟಿಗೂ ಮೈನಸ್ 6 ಡೆಸಿಬಲ್ ದಾಟದಿರಲಿ.

ಇನ್ನು ಉಳಿಸುವ ಮಾತು. ಏನೂ ಕುಗ್ಗಿಸದ ಸ್ಟೀರಿಯೊ ವೇವ್ ಫೈಲು ಸೆಕೆಂಡಿಗೆ 1,76,400 ಬೈಟ್ ನುಂಗುತ್ತದೆ. ನಿಮಿಷಕ್ಕೆ ಸುಮಾರು 10.6 ಎಂಬಿ, 60 ನಿಮಿಷದ ಕ್ಯಾಸೆಟ್ಟಿಗೆ 635 ಎಂಬಿ. ಇದನ್ನೇ ಫ್ಲ್ಯಾಕ್ ಎಂಬ ಫಾರ್ಮ್ಯಾಟಿಗೆ ಬದಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸೀರೆ ಮಡಚಿಟ್ಟಂತೆ ಅದು, ಬಿಡಿಸಿದರೆ ಒಂದೆಳೆಯೂ ಕಳೆದಿರುವುದಿಲ್ಲ. (ಟೇಪಿನ ಸುಯ್ಯೆನ್ನುವ ಸದ್ದು ಜಾಸ್ತಿಯಿದ್ದರೆ ಅಷ್ಟು ಕುಗ್ಗದು. ಗೊತ್ತುಗುರಿಯಿಲ್ಲದ ಸದ್ದನ್ನು ಮಡಚುವುದು ಕಷ್ಟ.) ಮೂಲ ರೆಕಾರ್ಡಿಂಗೇ ಮೋನೊ (ಎಡ-ಬಲ ಬೇರೆಯಿಲ್ಲದ ಒಂದೇ ಚಾನೆಲ್) ಆಗಿದ್ದರೆ ಮೋನೊ ಆಗಿಯೇ ಉಳಿಸಿ, ಜಾಗ ಇನ್ನಷ್ಟು ಮಿಗುತ್ತದೆ. ಈ ಫ್ಲ್ಯಾಕ್ ಮನೆಯ ಭದ್ರ ಪ್ರತಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿರಲಿ.

ಫೋನಿಗೆ, ನೆಂಟರಿಗೆ ಕಳಿಸಲು ಸಣ್ಣ ಪ್ರತಿ ಬೇಕಲ್ಲ, ಅದಕ್ಕೆ ಎಂಪಿ3. ಇದು ಮಡಚುವುದಿಲ್ಲ, ಕತ್ತರಿಸುತ್ತದೆ. ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಹುಡುಕಿ ಬಿಸಾಡುತ್ತದೆ. ಭಾಗವತರ ಎಳೆದ ಆಲಾಪನೆಗೆ ಈ ಉಪಾಯ ಚೆನ್ನಾಗಿಯೇ ಒಗ್ಗುತ್ತದೆ. ತೊಂದರೆ ಬರುವುದು ಚಂಡೆಗೆ, ತಾಳಕ್ಕೆ. ಎಂಪಿ3 ಸದ್ದನ್ನು ಪುಟ್ಟ ತುಣುಕುಗಳಾಗಿ ಸೀಳಿ ಲೆಕ್ಕ ಹಾಕುತ್ತದೆ. ಬಿಟ್‌ರೇಟ್ (ಆ ಕೆಬಿಪಿಎಸ್ ಲೆಕ್ಕ) ಕಡಿಮೆಯಾದಾಗ ಪೆಟ್ಟಿನ ಲೆಕ್ಕದಲ್ಲಾದ ತಪ್ಪು ಇಡೀ ತುಣುಕಿಗೆ ಹರಡಿ, ಕೋಲು ಬೀಳುವ ಮೊದಲೇ ‘ಸ್ಸ್’ ಎಂಬ ಪಿಸುದನಿ ಕೇಳಿಸುತ್ತದೆ, ಪೆಟ್ಟಿನ ಮೊನಚು ಹೋಗುತ್ತದೆ. ಹಾಗಾಗಿ ಹಿಮ್ಮೇಳವಿದ್ದರೆ 192 ಕೆಬಿಪಿಎಸ್‌ಗಿಂತ ಕೆಳಗಿಳಿಯಬೇಡಿ. ಗಂಟೆಗೆ ಸುಮಾರು 86 ಎಂಬಿ ಆಗುತ್ತದೆ. ಬರೀ ಅರ್ಥಗಾರಿಕೆಯೋ ಹಿರಿಯರ ಮಾತೋ ಆದರೆ ಮೋನೊದಲ್ಲಿ 64 ಧಾರಾಳ. 2012ರಲ್ಲಿ ಬಂದ ಓಪಸ್ ಎಂಬ ಫಾರ್ಮ್ಯಾಟ್‌ನಲ್ಲಾದರೆ ಮಾತಿಗೆ 32 ಸಾಕು, ಗಂಟೆಗೆ 14 ಎಂಬಿ ಚಿಲ್ಲರೆ. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜು ಬರುವುದೂ ಓಪಸ್‌ನಲ್ಲೇ.

ಎಂಪಿ3ಯನ್ನು ಮತ್ತೆ ಫ್ಲ್ಯಾಕ್ ಮಾಡಿದರೆ ಕತ್ತರಿಸಿದ್ದು ಮರಳಿ ಬರುವುದಿಲ್ಲ, ಫೈಲು ದಪ್ಪಗಾಗುತ್ತದೆ ಅಷ್ಟೆ. ಎಂಪಿ3ಯಿಂದ ಇನ್ನೊಂದು ಎಂಪಿ3 ಮಾಡಿದರೆ ಮತ್ತಷ್ಟು ಸವೆಯುತ್ತದೆ. ಪ್ರತಿ ಸಲವೂ ಭದ್ರ ಪ್ರತಿಯಿಂದಲೇ ಹೊಸದು ತೆಗೆಯಿರಿ.

ಅನುಮಾನವಿದ್ದರೆ ಬೆನ್ನು ತಿರುಗಿಸಿ ಕೂತು, ಯಾವುದು ಯಾವುದೆಂದು ಹೇಳದೆ ಫ್ಲ್ಯಾಕ್ ಮತ್ತು ಎಂಪಿ3 ಹಾಕಲು ಮನೆಯವರಿಗೆ ಹೇಳಿ. ನಮ್ಮಲ್ಲಿ 128ರ ಎಂಪಿ3ಯನ್ನು ಮಗಳು ಮೂರು ಸಲವೂ ಹಿಡಿದಳು, ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. 192ರಲ್ಲಿ ಅವಳೂ ಸೋತಳು. ನಮ್ಮನೆ ಫೋನುಗಳಲ್ಲಿ ಈಗ 192.