ಬಟರ್‌ಫ್ಲೈಗೆ ತೂತು ಕೊರೆದು ಎಮಿಷನ್ ಪಾಸು ಮಾಡಿಸಿದ್ದು

ಕಾರ್ಬನ್ ಮಾನಾಕ್ಸೈಡ್ ಶೇ 1.9, ಹೈಡ್ರೋಕಾರ್ಬನ್ 1,100 ಪಿಪಿಎಂ ಆಸುಪಾಸು. ನನ್ನ 1991ರ ಪ್ರೀಮಿಯರ್ 118ಎನ್‌ಇ ಕಾರಿನ ಎಮಿಷನ್ ಸರ್ಟಿಫಿಕೇಟಿನಲ್ಲಿ ಅಚ್ಚಾಗಿರುವ ಅಂಕಿಗಳಿವು. ಭಾರತ್ ಸ್ಟೇಜ್ ನಿಯಮಗಳಿಗೆ ಮೊದಲಿನ ಪೆಟ್ರೋಲ್ ಕಾರುಗಳಿಗೆ ಶೇ 3 ಮತ್ತು 1,500 ಪಿಪಿಎಂವರೆಗೆ ಅವಕಾಶವಿದೆ. ಹಾಗಾಗಿ ಇದು ಕೂದಲೆಳೆಯಲ್ಲಿ ಪಾರಾದದ್ದಲ್ಲ, ಧಾರಾಳವಾಗಿ ಪಾಸಾದದ್ದು. ಅದೂ ಸೈಡ್ ಡ್ರಾಫ್ಟ್ ವೆಬರ್ (ಅಡ್ಡ ಕೂರುವ ರೇಸಿಂಗ್ ಕಾರ್ಬ್ಯುರೇಟರ್) ಮತ್ತು ರ‍್ಯಾಲಿ ಕ್ಯಾಮ್ (ವಾಲ್ವ್ ತೆರೆದು ಮುಚ್ಚುವ ದಂಡ) ಎರಡನ್ನೂ ಹಾಗೆಯೇ ಉಳಿಸಿಕೊಂಡು, ಕಾರ್ಬ್ಯುರೇಟರ್‌ನ ಗಾಳಿ ಬಾಗಿಲಾದ ಬಟರ್‌ಫ್ಲೈ ಬಿಲ್ಲೆಗೆ ತೂತು ಕೊರೆದು. ತುಮಕೂರಿನಲ್ಲಿ ನನಗೆ ಗೊತ್ತಿರುವ ಹಳೆಯ ಕಾರಿನವರಲ್ಲಿ ಒಬ್ಬರಾದರೂ ಇದು ಆಗುತ್ತದೆ ಎಂದಿರಲಿಲ್ಲ. "ಕಂಪನಿ ಕಾರ್ಬ್ಯುರೇಟರ್ ಹಾಕಿ ಟೆಸ್ಟ್ ಮಾಡಿಸಿ, ಆಮೇಲೆ ವೆಬರ್ ಕೂರಿಸಿಕೊಳ್ಳಿ" ಎಂಬುದೇ ಎಲ್ಲರ ಮಂತ್ರ. ಆರು ತಿಂಗಳಿಗೊಮ್ಮೆ ಮ್ಯಾನಿಫೋಲ್ಡ್ ಬಿಚ್ಚಿ ಹಾಕುವಷ್ಟು ಪುರುಸೊತ್ತು ನನಗಿಲ್ಲ.

ಕಾರಿನ ಜಾತಕ ಇಷ್ಟೇ. ಫಿಯಟ್ 124ರ ಬಾಡಿ, ನಿಸ್ಸಾನ್ ಎ12 ಇಂಜಿನ್, 1171 ಸಿಸಿ. ಹಿಂದಿನ ಮಾಲೀಕರು ಬೆಂಗಳೂರಿನವರು, ರ‍್ಯಾಲಿಗೆಂದು ತಯಾರು ಮಾಡಿಸಿದ್ದರು. ಒಂದೇ ಒಂದು 40 ಡಿಸಿಒಇ ವೆಬರ್, ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಹೆಚ್ಚಿರುವ ಕ್ಯಾಮ್, ನಾಲ್ಕು ಪೈಪಿನ ಎಕ್ಸಾಸ್ಟ್. ಮೂರು ಸಾವಿರ ಆರ್‌ಪಿಎಂ ದಾಟಿದ ಮೇಲೆ ಅದರ ಓಟ ಹೇಳತೀರದು. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಓಡುವಾಗ) ಮಾತ್ರ ಹಟಮಾರಿ: ಪೆಟ್ರೋಲ್ ವಾಸನೆ, ಕಣ್ಣುರಿ, ಮನೆಯವರ ಬೈಗುಳ. ಆರ್‌ಸಿ ನವೀಕರಣ ಎದುರಿಗಿತ್ತು. 600 ರೂಪಾಯಿ ಇದ್ದ ಶುಲ್ಕ 2022ರಲ್ಲಿ 5,000ಕ್ಕೆ ಏರಿತು, ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಅಷ್ಟು ದುಡ್ಡು ಕಟ್ಟಿಯೂ ಎಮಿಷನ್ ಇಲ್ಲದೆ ಕಡತ ಮುಂದಕ್ಕೆ ಹೋಗುವುದಿಲ್ಲ.

ಮೊದಲ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ ಎಂಟರ ಹತ್ತಿರ, ಎಚ್‌ಸಿ (ಹೈಡ್ರೋಕಾರ್ಬನ್) ಎರಡು ಸಾವಿರದ ಮೇಲೆ. ಯಂತ್ರದ ಮುಂದಿದ್ದ ಹುಡುಗ ನನ್ನ ಕಾರಿಗೆ ಭಾರತ್ ಸ್ಟೇಜ್ 2ರ ಮಿತಿ ಹಾಕಿ ಕೂತಿದ್ದ, ಶೇ 0.5 ಮತ್ತು 750 ಪಿಪಿಎಂ. ಆರ್‌ಸಿಯಲ್ಲಿನ ತಯಾರಿಕೆ ವರ್ಷ ತೋರಿಸಿ ಬದಲಾಯಿಸಬೇಕಾಯಿತು. ನಿಮ್ಮದೂ ಹಳೆಯ ಕಾರಾದರೆ ಯಂತ್ರದ ಪೈಪು ಸೈಲೆನ್ಸರ್‌ಗೆ ಹೋಗುವ ಮೊದಲೇ ಪರದೆಯ ಮೇಲೆ ಕಣ್ಣಿಡಿ. "ಪೈಪನ್ನು ಸ್ವಲ್ಪ ಹೊರಗೆ ಹಿಡಿಯುತ್ತೇನೆ ಸಾರ್" ಎಂದೂ ಅವನು ಹೇಳಿದ. ಬೇಡ ಎಂದೆ. ಹಾಗೆ ತೆಗೆದುಕೊಳ್ಳುವ ಕಾಗದಕ್ಕಾಗಿ ನಾನು ವೆಬರ್ ಕಲಿತಿಲ್ಲ.

ಇನ್ನು ದುಡ್ಡು ಹೋದ ಕಥೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೇನ್ ಜೆಟ್‌ಗಳು, ಏರ್ ಕರೆಕ್ಟರ್‌ಗಳು (ಪೆಟ್ರೋಲ್, ಗಾಳಿ ಅಳೆದು ಬಿಡುವ ಬಿರಡೆಗಳು) ಸೇರಿ ಆರು ಸಾವಿರ ಚಿಲ್ಲರೆ. ಟ್ಯೂನಿಂಗ್ ಪಂಡಿತರೊಬ್ಬರ ಸಲಹೆ ಅದು. ಟೆಸ್ಟ್ ನಡೆಯುವುದು ಐಡ್ಲಿಂಗ್‌ನಲ್ಲಿ, ಆಗ ವೇಗದಲ್ಲಿ ಪೆಟ್ರೋಲ್ ಕೊಡುವ ಮೇನ್ ಸರ್ಕ್ಯೂಟ್ ಮಲಗಿರುತ್ತದೆ. ಜೆಟ್ 135 ಆದರೇನು, 115 ಆದರೇನು? ಹಾಗೆಂದು ನಾನು ಹೇಳಿದ್ದಕ್ಕೆ ಅವರು ನಕ್ಕರು, ಹಾಕಿ ನೋಡಿ ಎಂದರು. ಹಾಕಿದೆ. ಸಿಒ ಅಲುಗಲಿಲ್ಲ.

ಆಮೇಲೆ ಶಿವಾಜಿನಗರದ ಗುಜರಿಯಿಂದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ), ಸುಮಾರು ನಾಲ್ಕು ಸಾವಿರ, ವೆಲ್ಡಿಂಗ್ ಬೇರೆ. ಮಿಶ್ರಣ ಅಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಇರುವಾಗ ಸಿಒ ಸುಡಲು ಕನ್ವರ್ಟರ್‌ಗೆ ಆಮ್ಲಜನಕವೇ ಸಿಗುವುದಿಲ್ಲ. ಎಂಟು ಇದ್ದದ್ದು ಏಳೂವರೆ ಆಯಿತು, ದೇವರಾಯನದುರ್ಗದ ಏರಿನಲ್ಲಿ ಕಾರಿಗೆ ಉಸಿರು ಕಟ್ಟಿತು. ಆ ಕನ್ವರ್ಟರ್ ಈಗ ಶೆಡ್ಡಿನ ಮೂಲೆಯಲ್ಲಿದೆ, ಬೇಕಾದವರು ಒಯ್ಯಬಹುದು.

ದಾರಿ ಕಂಡದ್ದು ಟಾರ್ಚ್ ಹಿಡಿದು ಕಾರ್ಬ್ಯುರೇಟರ್ ಬಾಯೊಳಗೆ ನೋಡಿದ ದಿನ. ಐಡ್ಲಿಂಗ್‌ನಲ್ಲಿ ಒಳಗಿನ ಸಣ್ಣ ವೆಂಚುರಿ (ಪೆಟ್ರೋಲ್ ಚಿಮ್ಮುವ ಕೊಳವೆ) ಒಣಗಿರಬೇಕು. ನನ್ನದರಲ್ಲಿ ತುದಿಯಲ್ಲಿ ಒಂದು ಹನಿ ಮೂಡಿ, ಸ್ವಲ್ಪ ದಪ್ಪವಾಗಿ, ಬೀಳುತ್ತಿತ್ತು, ಮತ್ತೆ ಇನ್ನೊಂದು. ಎಲೆಕ್ಟ್ರಿಕ್ ಪಂಪಿನ ಒತ್ತಡ ಐದು ಪಿಎಸ್‌ಐ ಹತ್ತಿರ ಇತ್ತು, ವೆಬರ್‌ಗೆ ಎರಡೂವರೆ ಮೂರು ಸಾಕು. ಎರಡೂವರೆ ಸಾವಿರ ರೂಪಾಯಿಯ ಒತ್ತಡದ ರೆಗ್ಯುಲೇಟರ್ ಹಾಕಿ, ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಸರಿ ಮಾಡಿದ ಮೇಲೆ ಹನಿ ನಿಂತಿತು. ಸಿಒ ಆರಕ್ಕೆ ಇಳಿಯಿತು.

ಆರರಿಂದ ಕೆಳಗೆ ಇಳಿಸಲು ಐಡ್ಲಿಂಗ್ ಪೆಟ್ರೋಲ್ ಹದ ಮಾಡುವ ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿದರೆ ಏನೂ ಆಗುತ್ತಿರಲಿಲ್ಲ. ಪೂರ್ತಿ ಮುಚ್ಚಿದರೂ ಇಂಜಿನ್ ಓಡುತ್ತಲೇ ಇತ್ತು! ವೆಬರ್ ಬಿಚ್ಚಿದವರಿಗೆ ಇಲ್ಲಿಗೇ ರೋಗ ತಿಳಿದಿರುತ್ತದೆ. ಈ ಕ್ಯಾಮ್‌ಗೆ ಐಡ್ಲಿಂಗ್‌ನಲ್ಲೂ ಗಾಳಿ ಹೆಚ್ಚು ಬೇಕು. ಅದಕ್ಕಾಗಿ ಸ್ಪೀಡ್ ಸ್ಕ್ರೂ ಒಳಗೆ ತಿರುಗಿಸಿ ಬಟರ್‌ಫ್ಲೈ ತೆರೆದರೆ ಅದು ಪ್ರೊಗ್ರೆಶನ್ ರಂಧ್ರಗಳನ್ನು (ಗಾಡಿ ಎತ್ತುವಾಗ ಪೆಟ್ರೋಲ್ ಕೊಡುವ ತೂತುಗಳು) ದಾಟಿಬಿಡುತ್ತದೆ. ಪೆಟ್ರೋಲ್ ಆ ರಂಧ್ರಗಳಿಂದ ಸುರಿಯುವಾಗ ಮಿಕ್ಸ್‌ಚರ್ ಸ್ಕ್ರೂವಿನ ಮಾತು ಯಾರು ಕೇಳುತ್ತಾರೆ? ಐಡಲ್ ಜೆಟ್ ಸಣ್ಣದು ಹಾಕಿ ನೋಡಿದ್ದೆ. ಸಿಒ ಇಳಿಯಿತು, ಆದರೆ ಲೀನ್ ಆಗಿ (ಪೆಟ್ರೋಲ್ ಕಡಿಮೆಯಾಗಿ) ಮಿಸ್ಸಿಂಗ್ ಶುರುವಾಯಿತು, ಎಚ್‌ಸಿ ಮೂರು ಸಾವಿರದತ್ತ ಹಾರಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಹಳೆಯ ಸೈಕಲ್ ಟ್ಯೂಬಿನಂತೆ.

ಉಳಿದ ದಾರಿ ಒಂದೇ: ಬಟರ್‌ಫ್ಲೈ ಮುಚ್ಚಿರಬೇಕು, ಗಾಳಿ ಮಾತ್ರ ಹೋಗಬೇಕು. ಅಂದರೆ ಬಟರ್‌ಫ್ಲೈಗೇ ತೂತು. ಬಟವಾಡಿಯ ನನ್ನ ಹಳೆಯ ಮೆಕ್ಯಾನಿಕ್ ಕೈಮುಗಿದುಬಿಟ್ಟರು. "ಏನು ಸ್ವಾಮಿ, ಚಿನ್ನದಂಥ ವೆಬರ್‌ಗೆ ತೂತು ಹೊಡೆಯುತ್ತೀರಾ? ಆಮೇಲೆ ಐಡ್ಲಿಂಗ್ ಎರಡು ಸಾವಿರಕ್ಕೆ ನಿಲ್ಲುತ್ತದೆ, ಇಳಿಯುವುದೇ ಇಲ್ಲ. ಈ ಪಾಪ ನನ್ನ ಕೈಯಲ್ಲಿ ಮಾಡಿಸಬೇಡಿ." ಅವರ ಹೆದರಿಕೆಯಲ್ಲಿ ತಥ್ಯವಿಲ್ಲದೆ ಇರಲಿಲ್ಲ, ತೂತು ದೊಡ್ಡದಾದರೆ ಆಗುವುದು ಅದೇ. ಹಾಗಾಗಿ ಹಳೆಯ ಬಟರ್‌ಫ್ಲೈ ಜೋಡಿ ಒಂದನ್ನು ಸುಮಾರು 1,800ಕ್ಕೆ ತರಿಸಿ, ಅದರ ಮೇಲೆ ಕೈ ಮಾಡಿದೆ. ಮೂಲದ್ದು ಡಬ್ಬಿಯಲ್ಲಿ ಭದ್ರವಾಗಿದೆ.

ಬಟರ್‌ಫ್ಲೈ ಹಿಡಿದಿರುವ ಪುಟ್ಟ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲೇ ಜಜ್ಜಿರುತ್ತಾರೆ. ಅರದಿಂದ ತುದಿ ಉಜ್ಜದೆ ತಿರುಗಿಸಿದರೆ ಸ್ಪಿಂಡಲ್ಲಿನ ಮರೆ (ಥ್ರೆಡ್) ಹಾಳು. ವಾಪಸು ಹಾಕುವಾಗ ಹೊಸ ಸ್ಕ್ರೂ, ಲಾಕ್‌ಟೈಟ್, ಮತ್ತೆ ಜಜ್ಜುವಿಕೆ. ಒಂದು ಸ್ಕ್ರೂ ಸಡಿಲವಾಗಿ ಒಳಗೆ ಬಿದ್ದರೆ ಪಿಸ್ಟನ್ ಕಥೆ ಮುಗಿಯಿತು. ಬಟರ್‌ಫ್ಲೈ ಹಿತ್ತಾಳೆಯದು. ಅದರ ಪುಡಿ ಕಾರ್ಬ್ಯುರೇಟರ್‌ನ ಯಾವ ಸಂದಿಗೆ ಸೇರಿದರೂ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಹಾಗಾಗಿ ಹೊರಗೆ ತೆಗೆದೇ ಕೊರೆಯಬೇಕು. ಮಣೆಯ ಮೇಲಿಟ್ಟು, ಡ್ರಿಲ್ ಬಿಟ್‌ಗೆ ಗ್ರೀಸ್ ಹಚ್ಚಿ, ಕೈಯಲ್ಲೇ ತಿರುಗಿಸುತ್ತಾ ಕೊರೆದೆ. ಒಂದು ಮಿಲಿಮೀಟರ್‌ನಿಂದ ಶುರು ಮಾಡಿ ಒಂದೂವರೆಯ ಆಸುಪಾಸಿಗೆ ನಿಲ್ಲಿಸಿದೆ. ತೂತು ಬಟರ್‌ಫ್ಲೈನ ಯಾವ ಅರ್ಧದಲ್ಲಿರಬೇಕು, ಅಂಚಿನಿಂದ ಎಷ್ಟು ಒಳಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬೇರೆ ಎರಡು ಬಟರ್‌ಫ್ಲೈ ಬಲಿಯಾಗಿವೆ. ಐಡಲ್ ಜೆಟ್‌ನ ಎಫ್ ನಂಬರೂ (ಅದರ ಗಾಳಿ ತೂತಿನ ಗುರುತು) ನನ್ನಲ್ಲೇ ಇರಲಿ.

ಮತ್ತೆ ಕೂರಿಸಿ ಸ್ಟಾರ್ಟ್ ಮಾಡಿದಾಗ ಸ್ಪೀಡ್ ಸ್ಕ್ರೂ ಸುಮಾರು ಒಂದು ಸುತ್ತು ಹೊರಗೆ ಬಂತು. ಮಿಕ್ಸ್‌ಚರ್ ಸ್ಕ್ರೂ ಕಾಲು ಸುತ್ತಿಗೂ ಉತ್ತರ ಕೊಡತೊಡಗಿತು. ಐಡ್ಲಿಂಗ್ ಒಂಬೈನೂರು ಚಿಲ್ಲರೆಗೆ ನಿಂತಿತು. ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿದರು, ಏನೂ ಹೇಳದೆ ಹೊರಟರು. ಮರುದಿನ ತಮ್ಮ ಗ್ಯಾರೇಜಿಗೆ ಬಂದ ಇನ್ನೊಂದು ವೆಬರ್ ಕಾರನ್ನು ನನ್ನ ಮನೆಗೆ ಕಳಿಸಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ?

ಸಿಒ ಎರಡರ ಹತ್ತಿರ ಬಂದರೂ ಎಚ್‌ಸಿ 1,900 ತೋರಿಸುತ್ತಿತ್ತು. ಇದು ಓವರ್‌ಲ್ಯಾಪ್‌ನ ಕಾಣಿಕೆ. ಎ12ಗೆ ಬಿಸಿ ಇಂಜಿನ್‌ನಲ್ಲಿ ಟ್ಯಾಪೆಟ್ ಸಂದು (ವಾಲ್ವ್ ಮೇಲಿನ ಬಿಡುವು) 0.35 ಮಿಲಿಮೀಟರ್. ಟೆಸ್ಟಿಗೆ ಹೋಗುವಾಗ ಅದನ್ನು 0.45ರ ಹತ್ತಿರ ಬಿಟ್ಟೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚಿಕೊಳ್ಳುತ್ತದೆ, ಓವರ್‌ಲ್ಯಾಪ್ ತಾನಾಗಿ ತಗ್ಗುತ್ತದೆ. ಟಕಟಕ ಸದ್ದು ಬರುತ್ತದೆ, ಬರಲಿ. ಎನ್‌ಜಿಕೆ 6ರ ಬದಲು ಒಂದು ಮೆಟ್ಟಿಲು ಬಿಸಿಯಾದ 5ರ ಪ್ಲಗ್ ಹಾಕಿದೆ. ಪ್ಲಗ್ ಕಿಡಿಯ ಟೈಮಿಂಗ್ ಎರಡು ಮೂರು ಡಿಗ್ರಿ ಹಿಂದಕ್ಕೆ. ಅದಕ್ಕಿಂತ ಹಿಂದೆ ಹೋದರೆ ಐಡ್ಲಿಂಗ್ ಕುಸಿದು ಮತ್ತೆ ಬಟರ್‌ಫ್ಲೈ ತೆರೆಯಬೇಕಾಗುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಇಂಜಿನ್ ಆಯಿಲ್ ಬದಲಿಸಲು ಮರೆಯಬೇಡಿ. ರಿಚ್ ಓಡಿದ ಇಂಜಿನ್‌ನ ಆಯಿಲಿನಲ್ಲಿ ಪೆಟ್ರೋಲ್ ಬೆರೆತಿರುತ್ತದೆ, ಅದರ ಆವಿಯನ್ನು ಬ್ರೀದರ್ ಪೈಪ್ ಮತ್ತೆ ಇಂಜಿನ್‌ಗೇ ಕುಡಿಸುತ್ತದೆ.

ನಡುವೆ ಒಂದು ಅಡ್ಡ ಪ್ರಯೋಗ. ಬಂಕ್‌ಗಳಲ್ಲಿ ಈಗ ಸಿಗುವುದು ಇ20, ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಹಳೆಯ ಕಾರ್ಬ್ಯುರೇಟರ್ ಕಾರು ತಾನಾಗಿ ಸ್ವಲ್ಪ ಲೀನ್ ಆಗುತ್ತದೆ. ಇನ್ನಷ್ಟು ಎಥನಾಲ್ ಬೆರೆಸಿದರೆ ಇನ್ನಷ್ಟು ಇಳಿಯಬೇಕಲ್ಲವೇ ಎಂದು ಒಂದು ಲೀಟರ್ ಸ್ಪಿರಿಟ್ ಬೆರೆಸಿದೆ. ಸಿಒ ಇಳಿದದ್ದು ನಿಜ. ವಾರದೊಳಗೆ ಹಳೆಯ ರಬ್ಬರ್ ಪೈಪು ಮೆತ್ತಗಾಗಿ ಒಸರತೊಡಗಿತು. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಜಾತಿಗೆ ಬದಲಿಸಲು ಮತ್ತೆ ಸಾವಿರದೈನೂರು ಹೋಯಿತು.

ಎ12ಗೆ ಇನ್ನೊಂದು ಕಾಟವಿದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿರುವುದರಿಂದ ಕಾರ್ಬ್ಯುರೇಟರ್ ಬೆಂಕಿಯ ಮೇಲೇ ಕೂತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಸಾಲಿನಲ್ಲಿ ಕಾಯುವಾಗ ಫ್ಲೋಟ್ ಬೌಲ್‌ನಲ್ಲಿ ಪೆಟ್ರೋಲ್ ಕುದಿಯುತ್ತದೆ, ಸಿಒ ಒಂದೂವರೆಯಷ್ಟು ಏರುತ್ತದೆ. ನಡುವೆ ತಗಡು, ಮ್ಯಾನಿಫೋಲ್ಡ್‌ಗೆ ಆರು ಮಿಲಿಮೀಟರ್ ಹೈಲಮ್ (ಶಾಖ ತಡೆಯುವ ಹಲಗೆ) ತುಂಡು ಹಾಕಿದ ಮೇಲೆ ತಹಬಂದಿಗೆ ಬಂತು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಕ್ಯಾತ್ಸಂದ್ರದ ಆಚೆವರೆಗೆ ಹೋಗಿ ಒಳ್ಳೆಯ ವೇಗದಲ್ಲಿ ಓಡಿಸಿ, ಇಂಜಿನ್ ಆರಿಸದೆ ನೇರವಾಗಿ ಟೆಸ್ಟಿಗೆ ನಿಲ್ಲಿಸಿ.

ಒಟ್ಟು ಖರ್ಚು ಮೂವತ್ತು ಸಾವಿರದ ಸನಿಹ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಎಂಟೊಂಬತ್ತು ಸಾವಿರ ಇರಬಹುದು. ಟೆಸ್ಟಾದ ಮೇಲೆ ಟ್ಯಾಪೆಟ್ ವಾಪಸು 0.35ಕ್ಕೆ, ಟೈಮಿಂಗ್ ಮೊದಲಿನ ಜಾಗಕ್ಕೆ. ತೂತು ಹಾಗೆಯೇ ಇದೆ. ಊರಿನೊಳಗೆ ಎಂಟು ಕಿಲೋಮೀಟರ್ ಕೊಡುತ್ತಿದ್ದ ಕಾರು ಹತ್ತರ ಮೇಲೆ ಕೊಡುತ್ತಿದೆ. ಈಗ ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಟೈಮಿಂಗ್ ತಾನಾಗಿ ಹೊಂದಿಸುವ ಸಾಧನ) ಕೂರಿಸುವ ಯೋಚನೆ ತಲೆ ಹೊಕ್ಕಿದೆ. ತೂತಿನ ಜಾಗ ಕೇಳುವವರು ಕಾರ್ಬ್ಯುರೇಟರ್ ಬಿಚ್ಚಿಕೊಂಡೇ ಬನ್ನಿ, ಕೊರೆಯಲು ಬಟರ್‌ಫ್ಲೈ ಜೋಡಿ ಮಾತ್ರ ನಿಮ್ಮದೇ ಇರಲಿ.